ಪುಸ್ತಕದಂಗಡಿ ನಡೆಸಿದ ಹೋರಾಟಗಾರ: ಎಚ್.ಎಸ್. ದೊರೆಸ್ವಾಮಿಯವರ ನೆನಪು

ಆಗಸ್ಟ್ 15 ನಮಗೆ ಎರಡು ಹಬ್ಬಗಳ ದಿನ. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಬಲಿಪೂಜೆಯೂ ಅಂದೇ, ಅಂಗಳದಲ್ಲಿ ಧ್ವಜ ಹಾರಿಸುವುದೂ ಅಂದೇ. ಮಕ್ಕಳು ಒಂದು ಕೈಯಲ್ಲಿ ಹೂವು, ಇನ್ನೊಂದು ಕೈಯಲ್ಲಿ ಕಾಗದದ ಬಾವುಟ ಹಿಡಿದು ಬರುತ್ತಾರೆ. ಹತ್ತಿಕುಣಿ ಸೀಮೆಯವರಾದ ನಮಗೆ ಇದರ ಜೊತೆ ಇನ್ನೊಂದು ಲೆಕ್ಕವೂ ಉಂಟು. ದೇಶಕ್ಕೆ 1947ರ ಆಗಸ್ಟ್ 15ರಂದು ಬಂದ ಸ್ವಾತಂತ್ರ್ಯ ಯಾದಗಿರಿ, ಶಹಾಪುರ, ಸುರಪುರಗಳಿಗೆ ಬಂದದ್ದು 1948ರ ಸೆಪ್ಟೆಂಬರ್ 17ರಂದು. ನಡುವಿನ ಹದಿಮೂರು ತಿಂಗಳು ನಾವು ನಿಜಾಮರ ಪ್ರಜೆಗಳಾಗಿಯೇ ಇದ್ದೆವು. ಆದ್ದರಿಂದ ನಮ್ಮ ಶಾಲೆಗಳಲ್ಲಿ ಬಾವುಟ ಎರಡು ಸಲ ಏರುತ್ತದೆ. ನವೆಂಬರ್ 1ರ ನಾಡಹಬ್ಬವನ್ನೂ ಸೇರಿಸಿದರೆ ಮೂರು ಸಲ.

ಈ ದಿನಗಳಲ್ಲಿ ಭಾಷಣ ಮಾಡುವವರು ಪ್ರಾಣ ಕೊಟ್ಟವರನ್ನು ನೆನೆಯುತ್ತಾರೆ. ನೆನೆಯಬೇಕಾದದ್ದೇ. ಆದರೆ ಪ್ರಾಣ ಉಳಿಸಿಕೊಂಡು ಮನೆಗೆ ಮರಳಿದವರು ಸಾವಿರಾರು ಮಂದಿ. ಅವರು ಮರುದಿನ ಏನು ಮಾಡಿದರು? ಸೆರೆಮನೆಯ ಬಾಗಿಲು ದಾಟಿ ಹೊರಬಂದವನಿಗೂ ಹಸಿವು ಇರುತ್ತದೆ, ಮನೆಯಲ್ಲಿ ಒಲೆ ಉರಿಯಬೇಕಾಗುತ್ತದೆ. ಬಿಟ್ಟ ನೌಕರಿ ಮರಳಿ ಸಿಗುವುದಿಲ್ಲ. ಹೋರಾಡಿದ ಹೆಸರನ್ನು ಮಾರಿಕೊಳ್ಳದೆ ಹೊಟ್ಟೆ ಹೊರೆಯುವುದು ಹೇಗೆ ಎಂಬುದು ಅವರಲ್ಲಿ ಅನೇಕರಿಗೆ ಬ್ರಿಟಿಷರ ಲಾಠಿಗಿಂತ ದೊಡ್ಡ ಪರೀಕ್ಷೆಯಾಗಿತ್ತು ಎಂದು ನಮಗೆ ತೋರುತ್ತದೆ. ಕೆಲವರು ವಕೀಲಿ ಹಿಡಿದರು, ಕೆಲವರು ಹೊಲಕ್ಕೆ ಮರಳಿದರು, ಕೆಲವರು ಮಂತ್ರಿಗಳಾದರು. ಒಬ್ಬರು ಪುಸ್ತಕದಂಗಡಿ ತೆರೆದರು. ನೂರಮೂರು ವರ್ಷ ಬಾಳಿದ ಅವರನ್ನೇ ಈ ಹಬ್ಬದ ಸಂಚಿಕೆಯಲ್ಲಿ ನೆನೆಯಬೇಕೆಂದಿದ್ದೇವೆ.

ಹಾರೋಹಳ್ಳಿ ಶ್ರೀನಿವಾಸಯ್ಯ ದೊರೆಸ್ವಾಮಿ ಹುಟ್ಟಿದ್ದು 1918ರ ಏಪ್ರಿಲ್ 10ರಂದು, ಆಗಿನ ಮೈಸೂರು ಸಂಸ್ಥಾನದ ಹಾರೋಹಳ್ಳಿಯಲ್ಲಿ. ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿ ಆ ಊರು ಇದೆ. ಐದು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ಊರಿನ ಶಾನುಭೋಗರಾಗಿದ್ದ ಅಜ್ಜ ಮೊಮ್ಮಗನನ್ನು ಸಾಕಿದರು. ಶಾನುಭೋಗರ ಮನೆ ಎಂದರೆ ಊರಿನ ಎಲ್ಲರ ಹೊಲದ ಲೆಕ್ಕ ಇರುವ ಮನೆ. ಯಾರ ಜಮೀನು ಎಷ್ಟು, ಯಾರ ಗಡಿ ಎಲ್ಲಿ, ಸರ್ಕಾರಿ ಗೋಮಾಳ ಯಾವುದು ಎಂಬುದೆಲ್ಲ ಆ ಮನೆಯ ಕಡತಗಳಲ್ಲಿ ಇರುತ್ತಿತ್ತು. ನೂರರ ಹತ್ತಿರದ ವಯಸ್ಸಿನಲ್ಲಿ ಈ ಮನುಷ್ಯ ಸರ್ಕಾರಿ ಭೂಮಿ ನುಂಗಿದವರ ಬೆನ್ನು ಹತ್ತಿದ್ದನ್ನು ಮುಂದೆ ಹೇಳಲಿದ್ದೇವೆ. ಆಗ ಈ ಅಜ್ಜನ ಮನೆಯನ್ನು ಓದುಗರು ನೆನಪಿಗೆ ತಂದುಕೊಳ್ಳಬಹುದು.

ಶಾಲೆಯಲ್ಲಿದ್ದಾಗ ಗಾಂಧೀಜಿಯವರ ಬಾಲ್ಯದ ಆತ್ಮಕಥನ ಅವರ ಕೈಗೆ ಬಂತು. ಓದಿ ಖಾದಿಯ ಕಡೆ ವಾಲಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದು, 1942ರ ಜೂನ್‌ನಲ್ಲಿ ಪ್ರೌಢಶಾಲೆಯೊಂದರಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರಾದರು. ಬಡ ಮನೆಯ ಹುಡುಗನಿಗೆ ಅದು ನೆಮ್ಮದಿಯ ದಾರಿ. ಎರಡು ತಿಂಗಳು ಕಳೆಯುವಷ್ಟರಲ್ಲಿ ಆಗಸ್ಟ್ ಬಂತು. ಮುಂಬಯಿಯಲ್ಲಿ 'ಭಾರತ ಬಿಟ್ಟು ತೊಲಗಿ' ಕರೆ ಹೊರಟಿತು, ನಾಯಕರೆಲ್ಲ ಒಂದೇ ರಾತ್ರಿ ಸೆರೆಯಾದರು. ಮೇಷ್ಟ್ರು ಶಾಲೆಯನ್ನು ಬಿಟ್ಟು ಬೀದಿಗಿಳಿದರು.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಮುಂದೆ ಜೀವನವಿಡೀ ಗಾಂಧಿವಾದಿ ಎನಿಸಿಕೊಂಡ ಇವರು ಆ ದಿನಗಳಲ್ಲಿ ಗೆಳೆಯರ ಜೊತೆ ಸಣ್ಣ ಬಾಂಬುಗಳನ್ನು ಹಂಚುವ ಕೆಲಸದಲ್ಲಿದ್ದರು. ಅಂಚೆ ಡಬ್ಬಗಳಲ್ಲಿ, ಕಚೇರಿಗಳ ದಾಖಲೆ ಕೋಣೆಗಳಲ್ಲಿ ಅವನ್ನು ಇಡುತ್ತಿದ್ದರು. ಸರ್ಕಾರದ ಕಾಗದಪತ್ರ ಸುಡಬೇಕು, ಆಡಳಿತ ನಿಲ್ಲಬೇಕು, ಮನುಷ್ಯರಿಗೆ ಏನೂ ಆಗಬಾರದು ಎಂಬುದು ಅವರ ಲೆಕ್ಕ. ಸಿಡಿಮದ್ದಿನ ಲೆಕ್ಕ ಯಾವಾಗಲೂ ಹಾಕಿದಂತೆಯೇ ನಡೆಯುತ್ತದೆಯೇ? ಇಲ್ಲ. ಅಹಿಂಸೆಯ ಅಳತೆಗೋಲಿನಲ್ಲಿ ಇದು ಸರಿಯಾದ ಹಾದಿ ಎನ್ನಲು ನಮಗೆ ಮನಸ್ಸು ಬಾರದು. ಆದರೂ ಅವರು ಇದನ್ನು ಬಚ್ಚಿಡಲಿಲ್ಲ. ಮುಪ್ಪಿನಲ್ಲಿಯೂ ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದರು. ಬೆಂಗಳೂರಿನ ಬಟ್ಟೆ ಗಿರಣಿಗಳ ಕಾರ್ಮಿಕರ ಮುಷ್ಕರವನ್ನು ಸಂಘಟಿಸುವುದರಲ್ಲಿಯೂ ಅವರ ಕೈ ಇತ್ತು. ಯುದ್ಧದ ಕಾಲದಲ್ಲಿ ಗಿರಣಿ ನಿಂತಿತೆಂದರೆ ಸರ್ಕಾರಕ್ಕೆ ಬಾಂಬಿಗಿಂತ ಹೆಚ್ಚು ಬಿಸಿ ತಟ್ಟುತ್ತಿತ್ತು.

1942ರ ಡಿಸೆಂಬರ್‌ನಲ್ಲಿ ಅವರ ಬಂಧನವಾಯಿತು. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ವರ್ಷದಷ್ಟು ಕಾಲ ಕಳೆದರು. ಆ ಜೈಲು ಈಗ ಇಲ್ಲ. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಅದೇ ಜಾಗವನ್ನು ಸ್ವಾತಂತ್ರ್ಯ ಉದ್ಯಾನ, ಅಂದರೆ ಫ್ರೀಡಂ ಪಾರ್ಕ್ ಮಾಡಿದ್ದಾರೆ. ನಮ್ಮ ಕಡೆಯ ಅಂಗನವಾಡಿ ಅಕ್ಕಂದಿರು, ರೈತರು ಧರಣಿಗೆಂದು ಬೆಂಗಳೂರಿಗೆ ಹೋದಾಗ ಕೂರುವುದು ಅಲ್ಲಿಯೇ. ದೊರೆಸ್ವಾಮಿಯವರು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಕೈದಿಯಾಗಿ ಇದ್ದ ಅದೇ ಆವರಣದಲ್ಲಿ ತೊಂಬತ್ತು ದಾಟಿದ ಮೇಲೆ ಸತ್ಯಾಗ್ರಹಿಯಾಗಿ ಕುಳಿತರು.

ಹೊರಬಂದ ಮೇಲೆ ಏನು? ಸರ್ಕಾರದ ವಿರುದ್ಧ ಬಾಂಬಿಟ್ಟ ಆರೋಪ ಹೊತ್ತವನನ್ನು ಮತ್ತೆ ಮೇಷ್ಟ್ರಾಗಿ ಕರೆಯುವವರು ಯಾರು? ಅವರು ಮೈಸೂರಿಗೆ ಹೋಗಿ 'ಸಾಹಿತ್ಯ ಮಂದಿರ' ಎಂಬ ಪುಸ್ತಕದಂಗಡಿಯನ್ನು ನಡೆಸತೊಡಗಿದರು. ಪುಸ್ತಕಗಳನ್ನು ಪ್ರಕಟಿಸುವ ಕೆಲಸವೂ ಅದರ ಜೊತೆಗೆ ಸೇರಿತು. ಮುಂದೆ 'ಪೌರವಾಣಿ' ಎಂಬ ಪತ್ರಿಕೆಯ ಹೊಣೆಯೂ ಬಂತು.

ಪುಸ್ತಕದ ವ್ಯಾಪಾರ ಎಂತಹ ವ್ಯಾಪಾರ ಎಂಬುದನ್ನು ನಮ್ಮ ಓದುಗರಲ್ಲಿ ಅಂಗಡಿ ಇಟ್ಟುಕೊಂಡವರು ಬೇಗ ಅರ್ಥ ಮಾಡಿಕೊಂಡಾರು. ಕಿರಾಣಿ ಅಂಗಡಿಯ ಬೇಳೆ, ಎಣ್ಣೆ, ಬೆಲ್ಲ ತಿಂಗಳೊಳಗೆ ಖಾಲಿಯಾಗುತ್ತವೆ. ಉದ್ರಿ ಕೊಟ್ಟರೂ ತೊಗರಿ ರಾಶಿಯಾದ ಮೇಲೆ ಹಣ ಬರುತ್ತದೆ. ಪುಸ್ತಕ ಹಾಗಲ್ಲ. ಒಂದು ಸಾವಿರ ಪ್ರತಿ ಅಚ್ಚು ಹಾಕಿಸಿದರೆ ಕೊನೆಯ ನೂರು ಪ್ರತಿ ಮಾರುವಷ್ಟರಲ್ಲಿ ವರ್ಷಗಳೇ ಉರುಳುತ್ತವೆ. ಅಷ್ಟರಲ್ಲಿ ಗೆದ್ದಲು ತನ್ನ ಪಾಲು ಕೇಳುತ್ತದೆ. ಅಚ್ಚಿನ ಕೆಲಸವಂತೂ ಆಗ ಕೈಬೆರಳಿನ ಕೆಲಸ. ಮರದ ಗೂಡುಗಳಲ್ಲಿ ಸೀಸದ ಮೊಳೆಗಳು ಇರುತ್ತಿದ್ದವು. ಕನ್ನಡಕ್ಕೆ ಅಕ್ಷರ, ಕಾಗುಣಿತ, ಒತ್ತು ಎಲ್ಲ ಸೇರಿ ಗೂಡುಗಳು ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು. ಮೊಳೆ ಜೋಡಿಸುವವನು ಒಂದೊಂದೇ ಮೊಳೆ ಹೆಕ್ಕಿ ಸಾಲು ಕಟ್ಟಬೇಕು, ಕರಡು ತಿದ್ದಬೇಕು, ಅಚ್ಚಾದ ಮೇಲೆ ಅದೇ ಮೊಳೆಗಳನ್ನು ಬಿಡಿಸಿ ಮರಳಿ ಗೂಡಿಗೆ ಹಾಕಬೇಕು. ಯುದ್ಧದಿಂದಾಗಿ ಕಾಗದ ದುಬಾರಿ, ಸಿಕ್ಕರೂ ಅಳತೆಯಲ್ಲಿ. ಇಂತಹ ದಂಧೆಯಿಂದ ಶ್ರೀಮಂತರಾಗುವುದು ದೂರದ ಮಾತು. ದೊರೆಸ್ವಾಮಿಯವರು ಶ್ರೀಮಂತರಾಗಲೂ ಇಲ್ಲ.

ಆದರೂ ಆ ಚಿಕ್ಕ ಅಂಗಡಿಯ ಒಂದು ಗುಣವನ್ನು ಗಮನಿಸಬೇಕು. ಸಂಬಳ ಕೊಡುವ ಧಣಿ ಅಲ್ಲಿ ಇರಲಿಲ್ಲ. ನಾಳೆ ಏನು ಬರೆಯಬೇಕು, ಏನು ಬರೆಯಬಾರದು ಎಂದು ಹೇಳುವ ಮೇಲಧಿಕಾರಿ ಇರಲಿಲ್ಲ. ನಷ್ಟವಾದರೆ ಅದು ಅವರದೇ ನಷ್ಟ. 1947ರಲ್ಲಿ ಈ ಗುಣವೇ ಕೆಲಸಕ್ಕೆ ಬಂತು.

ಆ ವರ್ಷದ ಆಗಸ್ಟ್‌ನಲ್ಲಿ ಮೈಸೂರು ಮಹಾರಾಜರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ಆದರೆ ರಾಜ್ಯವನ್ನು ಆಳುವವರು ಯಾರು? ಜನ ಆರಿಸಿದ ಮಂತ್ರಿಗಳೋ, ಅರಮನೆ ನೇಮಿಸಿದ ದಿವಾನರೋ? ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಆಡಳಿತ ಜವಾಬ್ದಾರಿ ಸರ್ಕಾರವನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಕೆ.ಸಿ. ರೆಡ್ಡಿಯವರ ಮುಂದಾಳುತನದಲ್ಲಿ ಸೆಪ್ಟೆಂಬರ್ ಮೊದಲ ದಿನ 'ಮೈಸೂರು ಚಲೋ' ಚಳವಳಿ ಶುರುವಾಯಿತು. ಸಾವಿರಾರು ಜನ ಜೈಲಿಗೆ ಹೋದರು. ಸೆಪ್ಟೆಂಬರ್ 13ರಂದು ಮೈಸೂರಿನಲ್ಲಿ ರಾಮಸ್ವಾಮಿ ಎಂಬ ಶಾಲಾ ಬಾಲಕ ಗುಂಡಿಗೆ ಬಲಿಯಾದ. ಮೈಸೂರಿಗೆ ಹೋದವರು ರಾಮಸ್ವಾಮಿ ವೃತ್ತದ ಹೆಸರು ಕೇಳಿರುತ್ತಾರೆ, ಅದು ಆ ಹುಡುಗನ ಹೆಸರು.

ಸಂಸ್ಥಾನದಲ್ಲಿ ಪತ್ರಿಕೆಗಳ ಬಾಯಿ ಕಟ್ಟುವುದು ಹೊಸದೇನೂ ಆಗಿರಲಿಲ್ಲ. 1908ರಷ್ಟು ಹಿಂದೆಯೇ ಅಲ್ಲಿ ಪತ್ರಿಕೆಗಳ ಮೇಲೆ ಬಿಗಿಯಾದ ಕಾಯಿದೆ ಬಂದಿತ್ತು. ತಾತಯ್ಯನವರೆಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಯೇ ಬಿಟ್ಟರು. 1947ರಲ್ಲಿ ಮತ್ತೆ ಅಪ್ಪಣೆ ಹೊರಟಿತು. ಅಚ್ಚಾಗುವ ಮೊದಲು ಸುದ್ದಿಯನ್ನು ಸರ್ಕಾರಕ್ಕೆ ತೋರಿಸಿ ಒಪ್ಪಿಗೆ ಪಡೆಯಬೇಕು. ದೊರೆಸ್ವಾಮಿಯವರು ತೋರಿಸಲಿಲ್ಲ, ನಿಲ್ಲಿಸಲೂ ಇಲ್ಲ. 'ಪೌರವಾಣಿ'ಯನ್ನು ಹಿಂದೂಪುರಕ್ಕೆ ಸಾಗಿಸಿದರು.

ಹಿಂದೂಪುರವೇ ಏಕೆ? ಅದು ಬೆಂಗಳೂರಿನಿಂದ ರೈಲಿನಲ್ಲಿ ನೂರು ಕಿಲೋಮೀಟರಿನಷ್ಟು ದೂರದ ಊರು. ಆದರೆ ಆಗ ಮದ್ರಾಸ್ ಪ್ರಾಂತ್ಯದ ಅನಂತಪುರ ಜಿಲ್ಲೆಗೆ ಸೇರಿತ್ತು. ಅಲ್ಲಿಗೆ ಮಹಾರಾಜರ ಕಾಯಿದೆ ತಲುಪುತ್ತಿರಲಿಲ್ಲ. ಗಡಿಯ ಆಚೆ ಅಚ್ಚು ಹಾಕಿ ಈಚೆ ಹಂಚುವುದು, ಇದಿಷ್ಟೇ ಉಪಾಯ. ಕೇಳಲು ಸರಳ. ಚಿಕ್ಕ ಬಂಡವಾಳದ ಮನುಷ್ಯನಿಗೆ ಮಾತ್ರ ಊರು ಬಿಟ್ಟು ಊರಿಗೆ ಹೋಗಿ ಪತ್ರಿಕೆ ತರುವುದೆಂದರೆ ಇದ್ದದ್ದನ್ನೆಲ್ಲ ಜೂಜಿಗೆ ಇಟ್ಟಂತೆ. ಅಕ್ಟೋಬರ್‌ನಲ್ಲಿ ಅರಮನೆ ಮಣಿಯಿತು, ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು.

ಅದೇ ತಿಂಗಳುಗಳಲ್ಲಿ ನಮ್ಮ ಕಡೆ ಏನು ನಡೆಯುತ್ತಿತ್ತು ಎಂಬುದನ್ನು ಪಕ್ಕದಲ್ಲಿ ಇಟ್ಟು ನೋಡಬೇಕು. ಗುಲ್ಬರ್ಗ, ರಾಯಚೂರು, ಬೀದರ್ ಜಿಲ್ಲೆಗಳು ನಿಜಾಮ ಉಸ್ಮಾನ್ ಅಲಿ ಖಾನರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆ ಉರ್ದು, ನಾಣ್ಯ ಹಾಲಿ ಸಿಕ್ಕಾ, ಸಭೆ ಸೇರಬೇಕಾದರೂ ಅಪ್ಪಣೆ ಬೇಕು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥರನ್ನು 1947ರ ಆಗಸ್ಟ್ 15ರಂದೇ ಬಂಧಿಸಿದರು. ಅವರು ನಮಗೆ ದೂರದವರಲ್ಲ, ಹುಟ್ಟಿದ್ದು ಸಿಂದಗಿಯಲ್ಲಿ. ರಜಾಕಾರರ ಹಾವಳಿ ಹೆಚ್ಚಿದಾಗ ಹೋರಾಟಗಾರರು ಗಡಿ ದಾಟಿ ಮುಂಬಯಿ, ಮದ್ರಾಸ್ ಪ್ರಾಂತ್ಯಗಳ ನೆಲದಲ್ಲಿ ಶಿಬಿರ ಹೂಡಿದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ನಡೆಸಿದ ಶಿಬಿರಗಳ ಹೆಸರು ಇಂದಿಗೂ ಕೇಳಿಬರುತ್ತದೆ. ಹಿಂದೂಪುರಕ್ಕೆ ಹೋದ ಪತ್ರಿಕೆಯ ಉಪಾಯವೂ ಮುಂಡರಗಿಗೆ ಹೋದ ಯುವಕರ ಉಪಾಯವೂ ಒಂದೇ: ದೊರೆಯ ಕೈಗೆ ಎಟುಕದ ಗೆರೆಯಾಚೆ ನಿಂತು ಈಚೆಯವರಿಗಾಗಿ ಕೆಲಸ ಮಾಡುವುದು.

ಆದರೆ ನಮ್ಮ ಸಂಸ್ಥಾನದಲ್ಲಿ ಪತ್ರಿಕೆ ನಡೆಸಿದವರು ತೆತ್ತ ಬೆಲೆ ಬೇರೆ. ಹೈದರಾಬಾದಿನಲ್ಲಿ ಶೋಯಬುಲ್ಲಾ ಖಾನ್ ಎಂಬ ಯುವಕ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕನಾಗಿದ್ದ. ಸಂಸ್ಥಾನವು ಭಾರತದಲ್ಲಿ ಸೇರಬೇಕು, ರಜಾಕಾರರ ದಬ್ಬಾಳಿಕೆ ನಿಲ್ಲಬೇಕು ಎಂದು ಧೈರ್ಯದಿಂದ ಬರೆಯುತ್ತಿದ್ದ. 1948ರ ಆಗಸ್ಟ್‌ನ ಒಂದು ರಾತ್ರಿ ಕಚೇರಿಯಿಂದ ಮನೆಗೆ ಮರಳುವಾಗ ಅವನನ್ನು ಗುಂಡಿಟ್ಟು ಕೊಂದರು, ಬರೆದ ಕೈಯನ್ನು ಕತ್ತರಿಸಿದರು. ತಿಂಗಳು ತುಂಬುವಷ್ಟರಲ್ಲಿ, ಸೆಪ್ಟೆಂಬರ್ 13ರಂದು, ಭಾರತೀಯ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. ಐದನೆಯ ದಿನ ನಿಜಾಮರು ಶರಣಾದರು. ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಈ ಮುಸ್ಲಿಂ ಸಂಪಾದಕನ ಹೆಸರನ್ನು ಇನ್ನೂ ಹೆಚ್ಚಾಗಿ ಹೇಳಬೇಕೆಂಬುದು ನಮ್ಮ ಅಭಿಪ್ರಾಯ. ದೊರೆಸ್ವಾಮಿಯವರು ನೂರಮೂರು ವರ್ಷ ಬಾಳಿದರು, ಶೋಯಬುಲ್ಲಾ ಮೂವತ್ತನ್ನೂ ಮುಟ್ಟಲಿಲ್ಲ. ಇಬ್ಬರ ದುಡಿಮೆಯೂ ಕಾಗದ, ಮಸಿ, ಸಾಲ, ಚಂದಾದಾರರ ಬಾಕಿ ಇವುಗಳ ನಡುವಿನದೇ.

ಸ್ವಾತಂತ್ರ್ಯ ಬಂದಿತು. ಜೊತೆಗಿದ್ದವರು ಒಬ್ಬೊಬ್ಬರಾಗಿ ಶಾಸಕರು, ಮಂತ್ರಿಗಳು, ನಿಗಮಗಳ ಅಧ್ಯಕ್ಷರು ಆದರು. ದೊರೆಸ್ವಾಮಿಯವರ ಸೋದರರೇ ಬೆಂಗಳೂರಿನ ಮೇಯರ್ ಆದರು. ಇವರು ಅಧಿಕಾರದ ಕಡೆ ಹೋಗಲಿಲ್ಲ. 1950ರಲ್ಲಿ ಲಲಿತಮ್ಮನವರೊಂದಿಗೆ ಮದುವೆಯಾಯಿತು. ಆಗ ವಯಸ್ಸು ಮೂವತ್ತು ದಾಟಿತ್ತು. ಆದಾಯದ ಭರವಸೆ ಇಲ್ಲದ, ಯಾವಾಗ ಜೈಲಿಗೆ ಹೋದಾನೋ ತಿಳಿಯದ ಗಂಡನ ಮನೆಯನ್ನು ಎಪ್ಪತ್ತು ವರ್ಷಗಳಷ್ಟು ಕಾಲ ತೂಗಿಸಿದ ಆ ತಾಯಿಯ ಬಗ್ಗೆ ಚರಿತ್ರೆಯ ಪುಸ್ತಕಗಳು ಹೆಚ್ಚೇನೂ ಹೇಳುವುದಿಲ್ಲ. ಅವರು 2019ರಲ್ಲಿ ತೀರಿಕೊಂಡರು. ಅಂಗಡಿ ಇರುವ ಪ್ರತಿ ಮನೆಯ ತಾಯಂದಿರೂ ಬಲ್ಲ ಮಾತಿದು: ಗಲ್ಲಾಪೆಟ್ಟಿಗೆ ಖಾಲಿಯಾದ ದಿನ ಒಳಗಿನ ಡಬ್ಬಿಯಿಂದ ಅಕ್ಕಿ ತೆಗೆದು ಅನ್ನ ಮಾಡಿದವರ ಲೆಕ್ಕ ಯಾವ ಖಾತೆಯಲ್ಲಿಯೂ ಬರುವುದಿಲ್ಲ.

1951ರ ಏಪ್ರಿಲ್ 18ರಂದು ನಲ್ಗೊಂಡ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಭೂದಾನ ಚಳವಳಿ ಹುಟ್ಟಿತು. ನಲ್ಗೊಂಡ ಆಗ ಹೈದರಾಬಾದ್ ರಾಜ್ಯದ್ದು, ನಮ್ಮ ಗುಲ್ಬರ್ಗ ಜಿಲ್ಲೆಯೂ ಅದೇ ರಾಜ್ಯದ್ದು. ಊರಿನ ದಲಿತರು ವಿನೋಬಾ ಭಾವೆಯವರ ಮುಂದೆ 80 ಎಕರೆ ಭೂಮಿ ಬೇಕೆಂದು ಕೇಳಿದರು. ವೆದಿರೆ ರಾಮಚಂದ್ರ ರೆಡ್ಡಿ ಎಂಬ ಜಮೀನುದಾರರು ಎದ್ದು ನಿಂತು ನೂರು ಎಕರೆ ಕೊಡುತ್ತೇನೆ ಎಂದರು. ಆ ನೂರು ಎಕರೆಯ ಮಾತು ದೇಶವನ್ನೆಲ್ಲ ಸುತ್ತಿತು. 1957ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಹತ್ತಿರದ ಯಲವಾಲದಲ್ಲಿ ವಿನೋಬಾರು ಮತ್ತು ಪ್ರಧಾನಿ ನೆಹರು ಕೂಡಿ ಗ್ರಾಮದಾನದ ಬಗ್ಗೆ ಸಭೆ ನಡೆಸಿದರು. ದೊರೆಸ್ವಾಮಿಯವರೂ ಭೂದಾನದ ಕೆಲಸಕ್ಕೆ ಧುಮುಕಿದರು. ಕರ್ನಾಟಕದ ಏಕೀಕರಣಕ್ಕೂ ದುಡಿದರು. 1956ರ ನವೆಂಬರ್ 1ರಂದು ನಾವು ಮತ್ತು ಅವರು ಒಂದೇ ರಾಜ್ಯದವರಾದೆವು. ಭೂದಾನದಲ್ಲಿ ಬಂದ ಭೂಮಿಯಲ್ಲಿ ಬಹಳಷ್ಟು ಕಲ್ಲುಬಂಡೆಯ, ಉಳಲಾಗದ ಭೂಮಿ ಎಂಬ ಟೀಕೆ ಇದೆ. ಅದು ನಿಜವೂ ಹೌದು. ಕೊಟ್ಟೆನೆಂದು ಹೇಳಿ ಕಾಗದ ಮಾಡಿಕೊಡದವರೂ ಇದ್ದರು. ಈ ನಿರಾಶೆಯಿಂದ ಹಲವರು ಚಳವಳಿಯಿಂದ ಹಿಂದೆ ಸರಿದರು. ಭೂಮಿ ಇಲ್ಲದವರ ವಿಷಯವನ್ನು ದೊರೆಸ್ವಾಮಿಯವರು ಕೊನೆಯವರೆಗೂ ಕೈಬಿಡಲಿಲ್ಲ.

ಅಂಗಡಿಯೂ ಪತ್ರಿಕೆಯೂ ಅವರ ಬದುಕಿನ ಒಂದು ಘಟ್ಟಕ್ಕೆ ಮುಗಿದವು. ಬರವಣಿಗೆ ಮಾತ್ರ ಉಳಿಯಿತು. 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಅವರಿಗೆ 57 ವರ್ಷ. ಬೇರೆಯವರು ಮೊಮ್ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ನೇರವಾಗಿ ಪತ್ರ ಬರೆದು, ಪ್ರಜಾಪ್ರಭುತ್ವದ ಹೆಸರಿನಲ್ಲಿ ಸರ್ವಾಧಿಕಾರ ನಡೆಸುತ್ತಿದ್ದೀರಿ, ಇದನ್ನು ಬಿಡದಿದ್ದರೆ ಊರೂರಿಗೆ ಹೋಗಿ ಜನರಿಗೆ ತಿಳಿಸುತ್ತೇನೆ ಎಂದರು. ಪೊಲೀಸರು ಬಂದರು. ಸುಮಾರು ನಾಲ್ಕು ತಿಂಗಳು ಸೆರೆವಾಸವಾಯಿತು. ಬ್ರಿಟಿಷರ ಕಾಲದಲ್ಲಿ ಒಮ್ಮೆ, ಸ್ವತಂತ್ರ ಭಾರತದಲ್ಲಿ ಇನ್ನೊಮ್ಮೆ! ಎರಡನೆಯ ಸಲ ಬಂಧಿಸಿದ ಸರ್ಕಾರದಲ್ಲಿ ಮೊದಲ ಸಲ ಜೊತೆಗೆ ಹೋರಾಡಿದ ಪಕ್ಷದವರೇ ಇದ್ದರು.

ಈಗ ಭೂಮಿಯ ವಿಷಯಕ್ಕೆ ಬರೋಣ. ಬೆಂಗಳೂರು ಬೆಳೆದಂತೆ ಅದರ ಸುತ್ತಲಿನ ಕೆರೆ, ಗೋಮಾಳ, ಸರ್ಕಾರಿ ಜಮೀನುಗಳಿಗೆ ಬೇಲಿ ಬಿತ್ತು. ಶಾಸಕ ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯ ಸದನ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ನಿವೃತ್ತ ಐಎಎಸ್ ಅಧಿಕಾರಿ ವಿ. ಬಾಲಸುಬ್ರಮಣಿಯನ್ ಅವರ ಕಾರ್ಯಪಡೆ 2011ರಲ್ಲಿ ವರದಿ ಕೊಟ್ಟು, ರಾಜ್ಯದಲ್ಲಿ ಸುಮಾರು 11 ಲಕ್ಷ ಎಕರೆ ಸರ್ಕಾರಿ ಭೂಮಿ ಒತ್ತುವರಿಯಾಗಿದೆ ಎಂದಿತು. ವರದಿಗಳು ಕಪಾಟು ಸೇರಿದವು. ಅವನ್ನು ಕಪಾಟಿನಿಂದ ಹೊರತೆಗೆಯಿರಿ ಎಂದು ಎ.ಟಿ. ರಾಮಸ್ವಾಮಿಯವರೂ ಇತರರೂ ಜೊತೆಗೂಡಿ ಹೋರಾಡಿದಾಗ ಮುಂದೆ ಕುಳಿತವರು ತೊಂಬತ್ತಾರು ದಾಟಿದ ದೊರೆಸ್ವಾಮಿ. ದಿನಗಟ್ಟಲೆ ಧರಣಿ ನಡೆಯಿತು. ಭೂಕಬಳಿಕೆ ತಡೆಯುವ ಕಾಯಿದೆಯಡಿ ವಿಶೇಷ ನ್ಯಾಯಾಲಯ 2016ರಲ್ಲಿ ಕೆಲಸ ಆರಂಭಿಸಿತು. ಬೆಂಗಳೂರಿನ ಕಸವನ್ನೆಲ್ಲ ತಂದು ಸುರಿಯುತ್ತಿದ್ದ ಮಂಡೂರಿನ ಹಳ್ಳಿಗರು 2014ರಲ್ಲಿ ಸಿಡಿದೆದ್ದಾಗ ಅವರ ಜೊತೆಗೂ ನಿಂತರು. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕಿತ್ತೆಸೆದಾಗ ಅವರ ಪರವಾಗಿಯೂ ದನಿ ಎತ್ತಿದರು.

ಇದು ದೂರದ ಬೆಂಗಳೂರಿನ, ಕೊಡಗಿನ ಮಾತು ಎನ್ನುವಂತಿಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಯಾದಗಿರಿ, ಶಹಾಪುರ, ಸುರಪುರಗಳಿಂದ ಕುಟುಂಬ ಕುಟುಂಬವೇ ಬೆಂಗಳೂರಿಗೆ ಗುಳೆ ಹೋಗುತ್ತದೆ. ಕಟ್ಟಡದ ಕೆಲಸ ಸಿಗುವ ಕಡೆ ತಗಡಿನ ಶೆಡ್ಡು ಹಾಕಿಕೊಂಡು ಇರುತ್ತದೆ. ಹತ್ತಿಕುಣಿ ಜಲಾಶಯದ ನೀರು ಸಿಗದ ಹೊಲದವನು ಅಲ್ಲಿ ಹೋಗಿ ಬೇರೆಯವರ ಹತ್ತು ಅಂತಸ್ತಿನ ಮನೆಗೆ ಇಟ್ಟಿಗೆ ಹೊರುತ್ತಾನೆ. ಬಡವನಿಗೆ ತಲೆಯ ಮೇಲೊಂದು ಸೂರು, ದುಡಿಯಲು ಒಂದು ತುಂಡು ಭೂಮಿ ಎಂದು ಆ ಮುದುಕರು ಹಿಡಿದ ಹಟದಲ್ಲಿ ನಮ್ಮವರ ಪಾಲೂ ಇತ್ತು. ಅಂದಹಾಗೆ ಅವರಿಗೇ ಸ್ವಂತ ಮನೆ ಇರಲಿಲ್ಲ, ಜಯನಗರದ ಬಾಡಿಗೆ ಮನೆಯಲ್ಲಿ ಇದ್ದರು. ಕೆಂಪು ಜಮಖಾನೆ ಹಾಸಿದ ಸೋಫಾಗಳಲ್ಲಿ ಕುಳಿತ ಸ್ವಾತಂತ್ರ್ಯ ಹೋರಾಟಗಾರರನ್ನೂ ನಾವು ಕಂಡಿದ್ದೇವೆ. ಅವರ ಬಗ್ಗೆ ಇಲ್ಲಿ ಬರೆಯುವ ಅಗತ್ಯವಿಲ್ಲ.

ಇಂಥವರನ್ನು 2020ರ ಫೆಬ್ರವರಿಯಲ್ಲಿ ರಾಜ್ಯದ ಒಬ್ಬ ಶಾಸಕರು ನಕಲಿ ಸ್ವಾತಂತ್ರ್ಯ ಹೋರಾಟಗಾರ ಎಂದು ಕರೆದರು. ಆಗ ಅವರಿಗೆ 101 ವರ್ಷ. ಜೈಲಿಗೆ ಹೋಗಿದ್ದಕ್ಕೆ ದಾಖಲೆ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ದಾಖಲೆ ಇತ್ತು. ಬೆಂಗಳೂರು ಸೆಂಟ್ರಲ್ ಜೈಲಿನ ಅಧಿಕಾರಿ 1971ರಲ್ಲಿ ಕೊಟ್ಟ ಪ್ರಮಾಣಪತ್ರ ಪತ್ರಿಕೆಗಳಲ್ಲಿ ಬಂತು. 1942ರ ಡಿಸೆಂಬರ್‌ನಿಂದ ಅವರು ಅಲ್ಲಿ ಸೆರೆಯಲ್ಲಿದ್ದರು ಎಂಬುದು ಅದರಲ್ಲಿ ಇತ್ತು. ಅರ್ಧ ಶತಮಾನ ಜೋಪಾನವಾಗಿ ಉಳಿದ ಆ ಒಂದು ಹಾಳೆ ಬಾಯಿಗಳನ್ನು ಮುಚ್ಚಿಸಿತು. ದಾಖಲೆ ಕೋಣೆಗೆ ಬಾಂಬಿಟ್ಟ ಗುಂಪಿನಲ್ಲಿದ್ದವರನ್ನು ಮುಪ್ಪಿನಲ್ಲಿ ಕಾಪಾಡಿದ್ದು ಒಂದು ದಾಖಲೆಯೇ ಎಂಬುದನ್ನು ನೆನೆದರೆ ಸಣ್ಣ ನಗು ಬಾರದಿರದು.

ಆದರೆ ಆ ಹಾಳೆ ಇಲ್ಲದವರ ಗತಿ ಏನು? ನಮ್ಮ ಭಾಗದವರಿಗೆ ಈ ಪ್ರಶ್ನೆ ಹತ್ತಿರದ್ದು. 1972ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಕೊಡಲು ಆರಂಭಿಸಿತು. ಆರು ತಿಂಗಳು ಜೈಲಿನಲ್ಲಿ ಇದ್ದ ಪುರಾವೆ ಬೇಕು, ಇಲ್ಲವೇ ಜೊತೆಗೆ ಜೈಲಿನಲ್ಲಿದ್ದವರ ಸಾಕ್ಷಿ ಬೇಕು ಎಂಬುದು ನಿಯಮ. ನಿಜಾಮರ ವಿರುದ್ಧ ಗಡಿ ಶಿಬಿರಗಳಲ್ಲಿ ಇದ್ದವರು ಯಾವ ಜೈಲಿನ ಕಾಗದ ತರಬೇಕು? ಶಿಬಿರಗಳನ್ನು ಸರ್ಕಾರ ಪಟ್ಟಿ ಮಾಡಿ ಮಾನ್ಯ ಮಾಡಿದ್ದು ಎಷ್ಟೋ ವರ್ಷಗಳ ನಂತರ. ಅಷ್ಟರಲ್ಲಿ ಸಾಕ್ಷಿ ಹೇಳಬೇಕಾದವರೇ ಕಣ್ಣು ಮುಚ್ಚಿದ್ದರು. ಇನ್ನು ಶಿಬಿರಕ್ಕೂ ಹೋಗದೆ, ರಾತ್ರಿ ಬಂದವರಿಗೆ ರೊಟ್ಟಿ ಕಟ್ಟಿಕೊಟ್ಟವರು, ಅಂಗಡಿಯ ಹಿಂದಿನ ಕೋಣೆಯಲ್ಲಿ ಅಡಗಿಸಿಟ್ಟವರು ಯಾವ ಪಟ್ಟಿಗೂ ಸೇರುವುದಿಲ್ಲ.

ರಜಾಕಾರರ ಕಾಲದಲ್ಲಿ ಹತ್ತು ವರ್ಷದವರಾಗಿದ್ದ ಮುತ್ಯಾ, ಆಯಿಗಳು ಈಗ ತೊಂಬತ್ತರ ಅಂಚಿನಲ್ಲಿದ್ದಾರೆ. ಅಂಥವರು ಮನೆಯಲ್ಲಿ ಇದ್ದರೆ ಅವರ ಹತ್ತಿರ ಒಂದು ನೋಟ್‌ಬುಕ್ ಹಿಡಿದು ಕೂರುವಂತೆ ಮಕ್ಕಳಿಗೆ ಹೇಳಿರಿ. ದೊಡ್ಡ ಪ್ರಶ್ನೆಗಳು ಬೇಡ. ಆಗ ಊರಲ್ಲಿ ಯಾರ ಅಂಗಡಿ ಇತ್ತು, ಉಪ್ಪು ಎಲ್ಲಿಂದ ಬರುತ್ತಿತ್ತು, ಹಾಲಿ ಸಿಕ್ಕಾದಲ್ಲಿ ಜ್ವಾರಿಯ ಬೆಲೆ ಏನಿತ್ತು, ಸೈನ್ಯ ಬಂತೆಂಬ ಸುದ್ದಿ ಮೊದಲು ತಂದವರು ಯಾರು ಎಂದು ಕೇಳಿದರೆ ಸಾಕು. ಅಂಗಡಿಯ ಹಳೆಯ ಖಾತೆ ಪುಸ್ತಕಗಳು ಅಟ್ಟದ ಮೇಲೆ ಇದ್ದರೆ ರದ್ದಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿರಿ. ದೊರೆಸ್ವಾಮಿಯವರು ತಮ್ಮ ನೆನಪುಗಳನ್ನು 'ನೆನಪಿನ ಸುರುಳಿ ತೆರೆದಾಗ' ಎಂಬ ಪುಸ್ತಕದಲ್ಲಿ ತಾವೇ ಬರೆದಿಟ್ಟರು. ಅಚ್ಚಿನ ಮಸಿಯ ಋಣ ಇದ್ದವರಿಗೆ ಅದು ಸಾಧ್ಯವಾಯಿತು. ನಮ್ಮ ಹಿರಿಯರಲ್ಲಿ ಬಹುಪಾಲು ಮಂದಿಗೆ ಕನ್ನಡದ ಶಾಲೆಯೇ ಇರಲಿಲ್ಲ.

ನೂರು ದಾಟಿದ ಮೇಲೂ ಅವರು ಪತ್ರಿಕೆಗಳಿಗೆ ಬರೆಯುತ್ತಿದ್ದರು, ಮುಖ್ಯಮಂತ್ರಿಗಳಿಗೆ ಪತ್ರ ಹಾಕುತ್ತಿದ್ದರು. ಬೈಗುಳ ಬಂದರೆ ಅದಕ್ಕೆ ಉತ್ತರ ಕೊಟ್ಟು ಮುಂದಿನ ವಿಷಯಕ್ಕೆ ಹೋಗುತ್ತಿದ್ದರು. 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆ ನಮ್ಮ ಊರುಗಳಲ್ಲಿಯೂ ಮನೆಮನೆಗೆ ಹೊಕ್ಕಿದ್ದ ದಿನಗಳಲ್ಲಿ, ಅವರಿಗೂ ಸೋಂಕು ತಗಲಿತು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, 103ರ ವಯಸ್ಸಿನಲ್ಲಿ ಕೊರೊನಾ ಗೆದ್ದು ಮನೆಗೆ ಮರಳಿದರು. ಆಯಾಸ ಹೆಚ್ಚಿ ಮತ್ತೆ ಅದೇ ಆಸ್ಪತ್ರೆಗೆ ಸೇರಿದರು. ಮೇ 26ರಂದು ಹೃದಯಾಘಾತದಿಂದ ಕೊನೆಯುಸಿರೆಳೆದರು. ಲಾಕ್‌ಡೌನ್ ಇದ್ದುದರಿಂದ ಅವರು ಜೊತೆ ನಿಂತಿದ್ದ ಮಂಡೂರಿನ ಜನರಾಗಲಿ ದಿಡ್ಡಳ್ಳಿಯ ಜನರಾಗಲಿ ಮೆರವಣಿಗೆಯಲ್ಲಿ ಬಂದು ಕೊನೆಯ ನಮಸ್ಕಾರ ಹೇಳುವಂತಿರಲಿಲ್ಲ. ಮರುದಿನದ ಪತ್ರಿಕೆಗಳು ಮಾತ್ರ ಎಂದಿನಂತೆ ಅಚ್ಚಾಗಿ ಬಂದವು, ಮೊದಲ ಪುಟದಲ್ಲಿ ಅವರ ಚಿತ್ರ ಇತ್ತು.